ಸಹಾಯ ಬೇಕ್ರಿ: ಮನಿಯಾಗ ಗಿಮ್ಲೆಟ್ ಮಾಡಿದ್ರ ಕಹಿ ಬರ್ಲಿಕತ್ತದ

ಎಲ್ಲರಿಗೂ ನಮಸ್ಕಾರ್ರಿ, ನಾನು ಕಲಬುರಗಿಯಿಂದ. ಶನಿವಾರ ನಮ್ಮಣ್ಣ ಬೆಂಗಳೂರಿಂದ ಬರ್ಲಿಕತ್ತಾನ, ಅವಂಗ ಗಿಮ್ಲೆಟ್ (ಜಿನ್ ಅನ್ನೋ ಸಾರಾಯಿಗಿ ನಿಂಬಿ ಕಾರ್ಡಿಯಲ್ ಕೂಡಿಸಿದ ಕಾಕ್‌ಟೇಲ್) ಅಂದ್ರ ಭಾಳ ಪ್ರೀತಿ, ಈ ಸಲ ನನ್ನ ಕೈಯಾರೆ ಮಾಡಿ ಕೊಡ್ಬೇಕಂತ ಆಸೆ ಅದ.

ಬಾಟ್ಲಿ ಲೈಮ್ ಕಾರ್ಡಿಯಲ್, ಅಂದ್ರ ನಿಂಬಿ ರಸ-ಸಕ್ರಿ ಪಾಕ, ನನಗ ಇಲ್ಲಿ ಸಿಗ್ಲಿಲ್ಲ, ಅದಕ್ಕ ಮನಿಯಾಗೇ ಮಾಡೀನ್ರಿ. ಹತ್ತು ನಿಂಬಿಹಣ್ಣಿನ ಸಿಪ್ಪಿ ತುರಿದು 200 ಗ್ರಾಂ ಸಕ್ರಿ ಜೋಡಿ ಒಂದು ತಾಸು ಇಟ್ಟೆ, ಸಕ್ರಿ ಸಿಪ್ಪಿ ಎಣ್ಣಿ ಕುಡ್ದು ಹಸಿ ಉಸುಕಿನಂಗ ಆಗಿತ್ತು, ಘಮ ಅಂದ್ರ ಇಡೀ ಅಡಗಿಮನಿ ತುಂಬಿತ್ತು. ಆಮ್ಯಾಲ 200 ಎಂಎಲ್ ರಸ ಹಾಕಿ ಒಲಿ ಮ್ಯಾಲಿಟ್ಟು ಕುದಿಸ್ದೆ, ಅಲ್ಲೇ ಕೆಟ್ಟದ ಅನಸ್ತದ, ಆರಿದ ಮ್ಯಾಲ ನಾಲಿಗಿ ತುದೀಗಿ ಹಚ್ಚಿ ನೋಡಿದ್ರ ಬರೇ ಕಹಿ. ಸಿಪ್ಪಿ ಒಳಗಿನ ಬಿಳಿ ಭಾಗನೂ ತುರಿಗಿ ಬಂದಿತ್ತು, ಕಹಿ ಅದರಿಂದನಾ ಇಲ್ಲ ಕುದಿಸಿದ್ದಕ್ಕಾ?

ಬರೇ ತಾಜಾ ರಸ, ಸಕ್ರಿ ಪಾಕ ಹಾಕ್ರಿ ಅಂತೀರಿ, ಗೊತ್ತದ, ಆದ್ರ 1867ರಾಗ ಲಾಕ್ಲನ್ ರೋಸ್ ಅನ್ನೋರು ನಿಂಬಿ ರಸ ಸಾರಾಯಿ ಇಲ್ದನೇ ಕೆಡದಂಗ ಇಡೋದಕ್ಕ ಪೇಟೆಂಟ್ ತಗೊಂಡ್ರಲ್ರಿ, ಹಳೆ ಗಿಮ್ಲೆಟ್ ಅಂಥ ಕಾರ್ಡಿಯಲ್‌ದೇ, ನನಗ ಆ ರುಚೀನೇ ಬೇಕು.

ಇನ್ನೊಂದು, 60 ಎಂಎಲ್ ಜಿನ್‌ಗಿ 30 ಎಂಎಲ್ ಕಾರ್ಡಿಯಲ್ ಹಾಕಿ ಸ್ಟೀಲ್ ಡಬ್ಬಿಯಾಗ ಅಲ್ಲಾಡಿಸ್ತೀನಿ, ನಮ್ಮ ಬ್ಯಾಸಗಿ ಬಿಸಲಿಗಿ ಫ್ರಿಡ್ಜಿನ ಸಣ್ಣ ಬರ್ಫ್ ಗಳಿಗ್ಯಾಗ ಕರಗಿ ಎಲ್ಲ ನೀರ್ ನೀರಾಗ್ತದ. ಡಬ್ಬಿ, ಗ್ಲಾಸು, ಜಿನ್ ಎಲ್ಲಾ ಫ್ರೀಜರ್‌ನಾಗ ಇಟ್ರ ಸಾಕೇನ್ರಿ, ಇಲ್ಲ ವಾಟಿಯಾಗ ದೊಡ್ಡ ಗಡ್ಡಿ ಮಾಡ್ಬೇಕಾ? ಮಾಡಿ ಅನುಭವ ಇದ್ದೋರು ಶುಕ್ರವಾರದೊಳಗ ಹೇಳ್ರಿ, ಅವತ್ತು ರಾತ್ರಿನೇ ಹೊಸಾ ಕಾರ್ಡಿಯಲ್ ಹಾಕ್ತೀನಿ.