ಭಾನುವಾರದ ಪ್ರಶ್ನೋತ್ತರ: ಹಳೇ ಬೈಕಿನ ಮುಂದಿನ ಡಿಸ್ಕ್ ಬ್ರೇಕ್, ಪ್ಯಾಡ್, ಅಡ್ಜಸ್ಟ್‌ಮೆಂಟ್

ಅಡ್ಮಿನ್: ಎಲ್ರಿಗೂ ನಮಸ್ಕಾರ. ಇವತ್ತು ನಮ್ಮ ಗೋಣಿಕೊಪ್ಪದ ಮೇಸ್ತ್ರಿ ಸಂಜೆ ತನಕ ಇರ್ತಾರೆ. ಬೈಕ್ ಯಾವ್ದು, ಯಾವ ವರ್ಷದ್ದು ಅಂತ ಬರೀರಿ. ಫಾರ್ವರ್ಡ್ ಹಾಕ್ಬೇಡಿ ದಯವಿಟ್ಟು.

ಸಿಬಿಝಡ್ ಕುಶಾಲನಗರ: ಅಣ್ಣ 1999ರ ಸಿಬಿಝಡ್, ಹೊಸ ಪ್ಯಾಡ್ ಹಾಕ್ಸಿ ಹತ್ತು ದಿನ ಆಯ್ತು, ಬ್ರೇಕ್ ಹಿಡಿದ್ರೆ ಕೀಂ ಅಂತ ಕೂಗ್ತದೆ, ಪೇಟೆಲಿ ಎಲ್ರೂ ತಿರುಗಿ ನೋಡ್ತಾರೆ

ಮೇಸ್ತ್ರಿ: ಪ್ಯಾಡ್ ಹಿಂದಿನ ತಗಡು, ಸ್ಪ್ರಿಂಗ್ ಪ್ಲೇಟ್ ವಾಪಸ್ ಹಾಕಿದಾರಾ ನೋಡಿ, ಬಹಳ ಕಡೆ ಅದನ್ನ ಕಸಕ್ಕೆ ಎಸೀತಾರೆ. ಕ್ಯಾಲಿಪರ್ (ಪ್ಯಾಡನ್ನ ಡಿಸ್ಕಿಗೆ ಒತ್ತೋ ಭಾಗ) ಜಾರೋ ಪಿನ್ ತೆಗೆದು ಒರೆಸಿ ಸಿಲಿಕಾನ್ ಗ್ರೀಸ್ ತೆಳ್ಳಗೆ ಹಚ್ಚಿ. ಪ್ಯಾಡಿನ ಚೂಪು ಅಂಚನ್ನ ಅರದಲ್ಲಿ ಸ್ವಲ್ಪ ಓರೆ ಮಾಡಿ. ಬೆಳಿಗ್ಗೆ ಮೊದಲ ನಾಕು ಸಲ ಮಾತ್ರ ಕೂಗಿದ್ರೆ ಅದು ಮಳೆಗೆ ಡಿಸ್ಕ್ ಮೇಲೆ ಕೂತ ತುಕ್ಕು, ತಲೆ ಕೆಡಿಸ್ಕೋಬೇಡಿ.

ತೋಟದ ಮನೆ: ಕೂಗೋದಕ್ಕೆ ಒಂದು ಸುಲಭ ಉಪಾಯ ಬಂದಿತ್ತು ನಂಗೆ. ಪ್ಯಾಡಿನ ಅಂಚಿಗೆ ಎರಡೇ ಹನಿ ತೆಂಗಿನೆಣ್ಣೆ. ಐದು ನಿಮಿಷದಲ್ಲಿ ಸದ್ದು ನಿಲ್ತದೆ. ಎಲ್ರಿಗೂ ಕಳ್ಸಿ.

ಮೇಸ್ತ್ರಿ: ಸದ್ದು ನಿಲ್ತದೆ. ಬೈಕ್ ನಿಲ್ಲಲ್ಲ. ಎಣ್ಣೆ ಕುಡಿದ ಪ್ಯಾಡ್ ಎಸೀಬೇಕು ಅಷ್ಟೆ.

ವಿರಾಜಪೇಟೆ 74: ನಮಸ್ಕಾರ ಮೇಸ್ತ್ರಿ. ಹೋಂಡಾ ಸಿಬಿ 500 ಫೋರ್, 1974. ಅಪ್ಪಂದು. ಮುಂದಿನ ಪ್ಯಾಡ್ ನಾನೇ ಹೊಸದು ಹಾಕ್ದೆ. ಡಿಸ್ಕಿಗೂ ಪ್ಯಾಡಿಗೂ ಎಷ್ಟು ಗ್ಯಾಪ್ ಇಡ್ಬೇಕು? ಯಾಕಂದ್ರೆ ಹೋದ ವಾರ ಇರಿಟ್ಟಿಗೆ ಹೋಗೋವಾಗ ಪೆರುಂಬಾಡಿ ದಾಟಿ ಮಾಕುಟ್ಟ ಘಾಟ್ ಇಳೀತಾ ಇಳೀತಾ ಲಿವರ್ ಕಲ್ಲಿನ ಹಾಗೆ ಆಯ್ತು, ಪ್ಲೇ ಇಲ್ಲ, ಬೈಕ್ ತಾನೇ ಹಿಡ್ಕೊಂಡು ನಿಂತೇ ಹೋಯ್ತು. ಹಿಂದೆ ಮಗಳಿದ್ಲು. ಅರ್ಧ ಗಂಟೆ ಮರದಡಿ ನಿಂತ್ವಿ, ಆಮೇಲೆ ಸರಿಯಾಯ್ತು. ಗ್ಯಾಪ್ ಕಮ್ಮಿ ಇಟ್ಟಿದೀನಿ ಅನ್ಸುತ್ತೆ.

ಮೇಸ್ತ್ರಿ: ಗ್ಯಾಪ್ ಆಮೇಲೆ. ಮೊದಲು ಆ ಬೈಕ್ ಶೆಡ್ಡಿಂದ ಹೊರಗೆ ತೆಗೀಬೇಡಿ. ತಣ್ಣಗಾದ್ಮೇಲೆ ತಾನೇ ಬಿಟ್ಕೊಳ್ತದೆ ಅಂದ್ರೆ ಆಯಿಲ್ ಒತ್ತಡ ಎಲ್ಲೋ ಸಿಕ್ಕಿಹಾಕ್ಕೊಳ್ತಾ ಇದೆ. ಇನ್ನೊಂದು ಸಲ ಕಚ್ಚಿಕೊಂಡಾಗ (ಮನೆ ಅಂಗಳದಲ್ಲೇ ಲಿವರ್ ಇಪ್ಪತ್ತು ಮೂವತ್ತು ಸಲ ಒತ್ತಿದ್ರೆ ಕಚ್ಚಬಹುದು) ಹೀಗೆ ಮಾಡಿ. ಕೆಳಗೆ ಬಟ್ಟೆ ಹಿಡಿದು ಕ್ಯಾಲಿಪರ್ ನಿಪ್ಪಲ್ (ಏರ್ ತೆಗೆಯೋ ಸ್ಕ್ರೂ) ಒಂದು ಕ್ಷಣ ಸಡಿಲಿಸಿ. ಆಗ್ಲೂ ಚಕ್ರ ತಿರುಗ್ಲಿಲ್ಲ ಅಂದ್ರೆ ಪಿಸ್ಟನ್ನೋ ಕ್ಯಾಲಿಪರ್ ತೋಳೋ ತುಕ್ಕಿಗೆ ಜಾಮ್. ತಿರುಗಿದ್ರೆ ಮತ್ತೆ ಕಚ್ಚಿಸಿ, ಈ ಸಲ ಮೇಲೆ ಮಾಸ್ಟರ್ ಸಿಲಿಂಡರ್ (ಲಿವರ್ ಒತ್ತಿದಾಗ ಆಯಿಲ್ ತಳ್ಳೋ ಪಂಪ್) ಹತ್ರ ಹೋಸಿನ ಬೋಲ್ಟ್ ಸಡಿಲಿಸಿ. ಅಲ್ಲಿ ಸಡಿಲಿಸಿದ್ರೂ ಬಿಡ್ಲಿಲ್ಲ ಅಂದ್ರೆ ಹೋಸ್ ಒಳಗೆ ಊದಿಕೊಂಡು ದಾರಿ ಮುಚ್ಚಿದೆ, 50 ವರ್ಷದ ರಬ್ಬರ್ ತಾನೆ. ಅಲ್ಲೇ ಬಿಡ್ತು ಅಂದ್ರೆ ಮಾಸ್ಟರ್ ಸಿಲಿಂಡರ್. ನೋಡಿ ಬರೀರಿ. ಆಯಿಲ್ ಪೈಂಟಿಗೆ ತಾಗಿದ್ರೆ ತಕ್ಷಣ ನೀರು ಸುರೀರಿ, ಟ್ಯಾಂಕಿನ ಬಣ್ಣ ಎದ್ದು ಹೋಗ್ತದೆ.

ಬುಲೆಟ್ ಸೋಮವಾರಪೇಟೆ: ಎಲೆಕ್ಟ್ರಾ ಡಿಸ್ಕ್. ಪ್ಯಾಡ್ ಹಾಕಿದ ಮೇಲೆ ಲಿವರ್ ಹ್ಯಾಂಡಲ್‌ಗೆ ತಾಗ್ತದೆ, ಬ್ರೇಕೇ ಇಲ್ಲ

ಮೇಸ್ತ್ರಿ: ಲಿವರ್ ಪಂಪ್ ಮಾಡಿದ್ರಾ? ಪಿಸ್ಟನ್ ಒಳಗೆ ತಳ್ಳಿರ್ತೀರಿ, ಅದು ಮತ್ತೆ ಡಿಸ್ಕ್ ತನಕ ಬರೋವರೆಗೆ ಬ್ರೇಕ್ ಇರಲ್ಲ. ಗಾಡಿ ಹತ್ತೋ ಮೊದಲು ಗಟ್ಟಿ ಆಗೋ ತನಕ ಒತ್ತಿ. ಒಬ್ರು ಒತ್ತದೆ ಹೊರಟು ಸೀದಾ ಕಾಫಿ ಕಣದ ಕಟ್ಟೆಗೆ ಗುದ್ದಿ ನನ್ನ ಹತ್ರ ಬಂದಿದ್ರು, ಪ್ಯಾಡ್ ಹೊಸದು, ಫೋರ್ಕ್ ಸೊಟ್ಟ. ಪಂಪ್ ಮಾಡಿದ್ರೂ ಮೆತ್ತಗಿದ್ರೆ ಆಯಿಲ್ ಒಳಗೆ ಸಿಕ್ಕಿರೋ ಏರ್ ತೆಗೀರಿ.

ಆರೆಕ್ಸ್ ನಾಪೋಕ್ಲು: ಅಣ್ಣ ಆರ್‌ಎಕ್ಸ್ 100ಗೆ ಡಿಸ್ಕ್ ಹಾಕ್ಬಹುದಾ

ಸಿಬಿಝಡ್ ಕುಶಾಲನಗರ: ತಗಡು ಇರ್ಲಿಲ್ಲ ಅಣ್ಣ! ಮೆಕ್ಯಾನಿಕ್ ಕೇಳಿದ್ರೆ ಅದು ಬೇಕಾಗಲ್ಲ ಅಂತಾನೆ

ತೋಟದ ಮನೆ: ನಮ್ಮಪ್ಪ ಡಿಸ್ಕನ್ನ ಸೀಮೆಎಣ್ಣೆಲೇ ತೊಳೀತಿದ್ರು. ಏನೂ ಆಗಿಲ್ಲ. ಎಲ್ಲದಕ್ಕೂ ಹೆದರಿಸ್ಬೇಡಿ.

ಮೇಸ್ತ್ರಿ: ನಿಮ್ಮಪ್ಪಂಗೆ ಡ್ರಮ್ ಬ್ರೇಕ್ ಇತ್ತೇನೋ. ಸೀಮೆಎಣ್ಣೆ ಒಣಗಿದ್ರೂ ಜಿಡ್ಡು ಉಳೀತದೆ. ಬ್ರೇಕ್ ಕ್ಲೀನರ್ ಇಲ್ಲಾ ಸ್ಪಿರಿಟ್, ಬೇರೆ ಏನೂ ಬೇಡ. ಇನ್ನೊಂದು, ಹಳೇ ಪ್ಯಾಡಿನ ಧೂಳನ್ನ ತೋಟದ ಕಂಪ್ರೆಸರಲ್ಲಿ ಊದ್ಬೇಡಿ. ಆ ಕಾಲದ ಪ್ಯಾಡಲ್ಲಿ ಆಸ್ಬೆಸ್ಟಾಸ್ ಇರ್ತಿತ್ತು, ಶ್ವಾಸಕೋಶಕ್ಕೆ ಹೋದ್ರೆ ಹೊರಗೆ ಬರಲ್ಲ. ಒದ್ದೆ ಬಟ್ಟೆಲಿ ಒರೆಸಿ ಬಟ್ಟೆ ಕಟ್ಟಿ ಎಸೀರಿ.

ಬುಲೆಟ್ ಸೋಮವಾರಪೇಟೆ: ಪಂಪ್ ಮಾಡ್ದೆ, ಬಂತು. ಥ್ಯಾಂಕ್ಸ್. ಅಂದ ಹಾಗೆ ವಿಂಟೇಜ್ ಅಂತ ಗ್ರೂಪ್ ಹೆಸರಿಟ್ಟು 99ರ ಸಿಬಿಝಡ್ ಬಗ್ಗೆ ಯಾಕ್ ಮಾತಾಡ್ತಾ ಇದೀವಿ?

ಸಿಬಿಝಡ್ ಕುಶಾಲನಗರ: ನಿಮ್ ಎಲೆಕ್ಟ್ರಾ ಯಾವ ಕಾಲದ್ದು ಮಾರಾಯ್ರೆ, ಬ್ರಿಟಿಷರು ಬಿಟ್ಟು ಹೋಗಿದ್ದಾ? ಅದು ನನ್ ಗಾಡಿಗಿಂತ ಚಿಕ್ಕ ವಯಸ್ಸಿಂದು

ಆರೆಕ್ಸ್ ನಾಪೋಕ್ಲು: 😂 ಅಣ್ಣ ಆರ್‌ಎಕ್ಸ್ ಡಿಸ್ಕ್?

ಬುಲೆಟ್ ಸೋಮವಾರಪೇಟೆ: ಸರ್ಕಾರದ ಲೆಕ್ಕದಲ್ಲಿ ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿದ್ರೆ ಮಾತ್ರ ವಿಂಟೇಜ್, 2021ರ ನಿಯಮ. ವಿರಾಜಪೇಟೆಯವರದ್ದು ಒಂದೇ ಇಲ್ಲಿ ವಿಂಟೇಜ್. ಅವ್ರು ವಿಂಟೇಜ್ ಗಾಡಿಗೆ ಕೊಡೋ ವಿಎ ನಂಬರ್ ತಗೊಳ್ಳಿ

ತೋಟದ ಮನೆ: ತಗೊಂಡ್ರೆ ದಿನಾ ಓಡಿಸೋ ಹಾಗಿಲ್ಲ ಅದು ಗೊತ್ತಾ ನಿಮಗೆ? ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕ್ಸೋದು, ಅಷ್ಟಕ್ಕೆ ಮಾತ್ರ. ಹೊಸ ರಿಜಿಸ್ಟ್ರೇಷನ್‌ಗೆ 20,000 ರೂಪಾಯಿ ಕೊಟ್ಟು ಗಾಡಿನ ದೇವ್ರ ಕೋಣೆಲಿ ಇಡೋದಾ?

ಬುಲೆಟ್ ಸೋಮವಾರಪೇಟೆ: ತೆಂಗಿನೆಣ್ಣೆ ಹಚ್ಚಿ ಓಡಿಸೋದಕ್ಕಿಂತ ದೇವ್ರ ಕೋಣೆ ವಾಸಿ

ತೋಟದ ಮನೆ: ಮಾತು ಸರಿ ಇರ್ಲಿ. ವಯಸ್ಸಿಗೆ ಮರ್ಯಾದೆ ಕೊಡಿ.

ಅಡ್ಮಿನ್: ಬ್ರೇಕ್ ಬಗ್ಗೆ ಮಾತ್ರ 🙏

ವಿರಾಜಪೇಟೆ 74: ಮೇಸ್ತ್ರಿ, ಮಾಡಿ ನೋಡ್ದೆ. ನಿಪ್ಪಲ್ ಸಡಿಲಿಸಿದ್ರೆ ಚಕ್ರ ಬಿಡ್ತು. ಮತ್ತೆ ಕಚ್ಚಿಸಿ ಮೇಲಿನ ಬೋಲ್ಟ್ ಸಡಿಲಿಸಿದ್ರೆ ಆಗ್ಲೂ ಬಿಡ್ತು. ಮಾಸ್ಟರ್ ಸಿಲಿಂಡರ್ ಅಂತಾಯ್ತಲ್ಲ?

ಮೇಸ್ತ್ರಿ: ಹೌದು. ಈಗ ನಿಜ ಹೇಳಿ. ಮಾಸ್ಟರ್ ಸಿಲಿಂಡರ್ ಮೇಲಿನ ಬ್ರೇಕ್ ಆಯಿಲ್ ಡಬ್ಬಿಗೆ ಇತ್ತೀಚೆಗೆ ಆಯಿಲ್ ಹಾಕಿದ್ದು ಯಾರು, ಏನ್ ಹಾಕಿದ್ರು?

ವಿರಾಜಪೇಟೆ 74: ಪ್ಯಾಡ್ ಹಾಕೋ ಮೊದಲು ಲೆವೆಲ್ ಕಮ್ಮಿ ಇತ್ತು. ನಮ್ಮ ತೋಟದ ಲೆಕ್ಕ ಬರೆಯೋ ರೈಟರ್ ತುಂಬಿಸಿಟ್ಟಿದ್ರು. ಈಗ ಕೇಳ್ದೆ. ಜೀಪಿಗೆ ತಂದಿದ್ದ ಪವರ್ ಸ್ಟೀರಿಂಗ್ ಆಯಿಲ್ ಅಂತೆ. ಎರಡೂ ಹೈಡ್ರಾಲಿಕ್ ತಾನೆ ಅಂತ ಹಾಕಿದಾರೆ ಪಾಪ.

ಮೇಸ್ತ್ರಿ: ಒಂದು ಗಾಜಿನ ಲೋಟದಲ್ಲಿ ನೀರು ತಗೊಂಡು ಡಬ್ಬಿಯಿಂದ ಸ್ವಲ್ಪ ಆಯಿಲ್ ಅದಕ್ಕೆ ಬಿಡಿ. ಬ್ರೇಕಿಗೆ ಹಾಕೋ ಡಾಟ್ 3, ಡಾಟ್ 4 ಆಯಿಲ್ ನೀರಲ್ಲಿ ಬೆರೆತು ಹೋಗ್ತದೆ. ತೇಲಿದ್ರೆ ಬೇರೆ ಎಣ್ಣೆ ಸೇರಿದೆ ಅಂತ.

ವಿರಾಜಪೇಟೆ 74: ಮೇಲೆ ಕೆಂಪು ಪದರ ತೇಲ್ತಾ ಇದೆ.

ಮೇಸ್ತ್ರಿ: ಆಯ್ತು, ಸಿಕ್ತು. ಸ್ವಲ್ಪ ಉದ್ದ ಬರೀತೀನಿ, ಎಲ್ರೂ ಓದಿ, ಇದು ಬರೀ ಅವರೊಬ್ರ ಕತೆ ಅಲ್ಲ. ಬ್ರೇಕಿನ ರಬ್ಬರು ಗ್ಲೈಕಾಲ್ ಆಯಿಲ್‌ಗೆ, ಅಂದ್ರೆ ಡಾಟ್ 3, ಡಾಟ್ 4ಕ್ಕೆ ಅಂತ ಮಾಡಿರೋದು. ಪೆಟ್ರೋಲಿಯಂ ಜಾತಿ ಎಣ್ಣೆ, ಅಂದ್ರೆ ಸ್ಟೀರಿಂಗ್ ಆಯಿಲ್, ಇಂಜಿನ್ ಆಯಿಲ್, 2ಟಿ, ಫೋರ್ಕ್ ಆಯಿಲ್ ಯಾವ್ದು ಬಿದ್ರೂ ಆ ರಬ್ಬರ್ ನೆನೆಹಾಕಿದ ಕಡ್ಲೆ ಹಾಗೆ ಊದ್ತದೆ. ಮಾಸ್ಟರ್ ಸಿಲಿಂಡರ್ ಡಬ್ಬಿ ತಳದಲ್ಲಿ ಎರಡು ತೂತು, ಒಂದು ದೊಡ್ಡದು, ಇನ್ನೊಂದು ಸೂಜಿ ಮೊನೆ ಅಷ್ಟು. ಘಾಟ್ ಇಳೀವಾಗ ಬಿಸಿಗೆ ಹಿಗ್ಗಿದ ಆಯಿಲ್ ಲಿವರ್ ಬಿಟ್ಟ ತಕ್ಷಣ ಆ ಸಣ್ಣ ತೂತಿಂದ ಡಬ್ಬಿಗೆ ವಾಪಸ್ ಹೋಗ್ಬೇಕು. ಒಳಗಿನ ರಬ್ಬರ್ ವಾಷರ್ ಊದಿ ಅದನ್ನ ಮುಚ್ಚಿಕೊಂಡು ಕೂತ್ರೆ ಆಯಿಲ್ ಹೋಗೋದೆಲ್ಲಿಗೆ? ಪಿಸ್ಟನ್ ಒತ್ತೇ ಇರ್ತದೆ, ಪ್ಯಾಡ್ ಉಜ್ಜಿ ಇನ್ನೂ ಬಿಸಿ, ಇನ್ನೂ ಹಿಗ್ಗು, ಕೊನೆಗೆ ಚಕ್ರ ಲಾಕ್. ಮಾಕುಟ್ಟದ ತಿರುವಲ್ಲಿ ಒದ್ದೆ ರಸ್ತೆಲಿ ಮುಂದಿನ ಚಕ್ರ ಲಾಕ್ ಆಗೋದು ಅಂದ್ರೆ ಏನು ಅಂತ ನಾನು ಹೇಳ್ಬೇಕಾಗಿಲ್ಲ. ನಿಮ್ಮ ಪುಣ್ಯ, ನಿಧಾನಕ್ಕೆ ಹಿಡೀತು.

ಆಯಿಲ್ ಚೆಲ್ಲಿ ಹೊಸದು ತುಂಬಿಸಿದ್ರೆ ಸಾಲ್ದು. ಊದಿದ ರಬ್ಬರ್ ವಾಪಸ್ ಇಳಿಯಲ್ಲ. ಮಾಸ್ಟರ್ ಸಿಲಿಂಡರ್ ಕಿಟ್, ಕ್ಯಾಲಿಪರ್ ಸೀಲ್, ಹೋಸ್, ಡಬ್ಬಿ ಮುಚ್ಚಳದೊಳಗಿನ ರಬ್ಬರ್, ಎಲ್ಲಾ ಹೊಸದು. ಕಬ್ಬಿಣದ ಭಾಗ ಸ್ಪಿರಿಟ್ಟಲ್ಲಿ ತೊಳೀಬೇಕು, ಪೆಟ್ರೋಲಲ್ಲಿ ಅಲ್ಲ. ಪಿಸ್ಟನ್ ಬರ್ಲಿಲ್ಲ ಅಂತ ಕಂಪ್ರೆಸರ್ ಹಿಡೀಬೇಡಿ, ಗುಂಡಿನ ಹಾಗೆ ಹಾರ್ತದೆ, ಬೆರಳು ಹೋಗ್ತದೆ, ಲಿವರ್ ಒತ್ತಿ ಆಯಿಲ್ ಒತ್ತಡದಲ್ಲೇ ನಿಧಾನಕ್ಕೆ ಹೊರಗೆ ತರ್ಬೇಕು. ಪಿಸ್ಟನ್ ಮೈಮೇಲೆ ತುಕ್ಕಿನ ಗುಳಿ ಇದ್ರೆ ಅದೂ ಹೊಸದೇ.

ಈಗ ಗ್ಯಾಪ್. ಸಾಮಾನ್ಯ ಡಿಸ್ಕಿಗೆ ಅಡ್ಜಸ್ಟ್ ಮಾಡೋ ಗ್ಯಾಪ್ ಅಂತ ಇಲ್ಲ, ಲಿವರ್ ಬಿಟ್ಟಾಗ ಪಿಸ್ಟನ್ ಸುತ್ತ ಇರೋ ಸೀಲೇ ಒಂಚೂರು ಹಿಂದೆ ಎಳ್ಕೊಳ್ತದೆ. ನಿಮ್ಮ ಕಾಲದ ಹೋಂಡಾದಲ್ಲಿ ಪಿಸ್ಟನ್ ಒಂದೇ ಕಡೆ, ಕ್ಯಾಲಿಪರ್ ಒಂದು ತೋಳಿನ ಮೇಲೆ ಬಾಗಿಲ ಹಾಗೆ ಆಡ್ತದೆ, ಅದಕ್ಕೆ ಒಂದು ಸ್ಕ್ರೂ, ಲಾಕ್ ನಟ್ ಇದೆ. ಚಕ್ರ ಎತ್ತಿ ನಿಲ್ಲಿಸಿ, ಲಾಕ್ ನಟ್ ಸಡಿಲಿಸಿ, ಪ್ಯಾಡ್ ತಾಗಿ ಚಕ್ರ ತಡೆಯೋ ತನಕ ತಿರುಗಿಸಿ, ಆಮೇಲೆ ಚಕ್ರ ಸಲೀಸಾಗಿ ತಿರುಗೋ ತನಕ ವಾಪಸ್, ಅಲ್ಲಿಂದ ಇನ್ನರ್ಧ ಸುತ್ತು, ಲಾಕ್ ನಟ್ ಬಿಗಿ. ತೋಳಿನ ಪಿನ್ನಿಗೆ ಗ್ರೀಸ್ ಇಲ್ದೆ ಜಾಮ್ ಆಗಿದ್ರೆ ಸ್ಕ್ರೂ ಎಷ್ಟು ತಿರುಗಿಸಿದ್ರೂ ದಂಡ. ಪ್ಯಾಡ್ ದುಂಡಗಿದೆಯಲ್ಲ, ಅದರ ಸುತ್ತ ಕೆಂಪು ಗೆರೆ ಇರ್ತದೆ, ಡಿಸ್ಕ್ ಅಲ್ಲಿಗೆ ತಲುಪಿದ್ರೆ ಪ್ಯಾಡ್ ಮುಗೀತು.

ವಿರಾಜಪೇಟೆ 74: ಓದಿ ಕೈಕಾಲು ತಣ್ಣಗಾಯ್ತು. ರೈಟರ್‌ಗೂ ಓದಿ ಹೇಳ್ದೆ, ಅವ್ರು ಊಟ ಬಿಟ್ಟು ಕೂತಿದಾರೆ.

ಮೇಸ್ತ್ರಿ: ಅವ್ರನ್ನ ಬೈಬೇಡಿ. ಹಾಕಿದ್ದು ಏನು ಅಂತ ಒಪ್ಕೊಂಡ್ರಲ್ಲ, ನನ್ನ ಹತ್ರ ಬರೋರಲ್ಲಿ ಅರ್ಧ ಜನ ಅದನ್ನೂ ಹೇಳಲ್ಲ.

ತೋಟದ ಮನೆ: ಡಾಟ್ 5 ಹಾಕಿದ್ರೆ ಪೈಂಟ್ ಹಾಳಾಗಲ್ಲ, ನೀರೂ ಹೀರಲ್ಲ ಅಂತ ಒಂದು ವಿಡಿಯೋ ಇದೆ. ಲಿಂಕ್ ಹಾಕ್ಲಾ?

ಮೇಸ್ತ್ರಿ: ಬೇಡ. ಅದು ಸಿಲಿಕಾನ್. ಡಾಟ್ 4 ಜೊತೆ ಬೆರಿಯಲ್ಲ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ತನಕ ಕುದಿಯಲ್ಲ, ನೀರು ಹೀರಿದ್ಮೇಲೆ ಆ ಮಿತಿ 155ಕ್ಕೆ ಇಳೀತದೆ. ಪುಸ್ತಕದಲ್ಲಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅಂತಾರೆ, ನಮ್ಮ ಮಳೆಗೆ ನಾನು ಪ್ರತಿ ವರ್ಷ ಮಾಡ್ತೀನಿ. ತೆರೆದಿಟ್ಟ ಬಾಟ್ಲಿ ಮುಂದಿನ ವರ್ಷಕ್ಕೆ ಅಂತ ಎತ್ತಿಡ್ಬೇಡಿ.

ಹೊಸ ಸದಸ್ಯ, ಸುಂಟಿಕೊಪ್ಪ: ನಮಸ್ತೆ ಸರ್, ಬ್ರೇಕ್ ಹಿಡಿದ್ರೆ ಕೀಂ ಅಂತ ಸೌಂಡ್ ಬರ್ತದೆ ಏನ್ ಮಾಡೋದು

ಮೇಸ್ತ್ರಿ: ಮೇಲೆ ಇದೆ.

ಹೊಸ ಸದಸ್ಯ, ಸುಂಟಿಕೊಪ್ಪ: ಎಲ್ಲಿ ಸರ್

ಬುಲೆಟ್ ಸೋಮವಾರಪೇಟೆ: ತೆಂಗಿನೆಣ್ಣೆ ಅಂತ ಹುಡುಕಿ, ಅದರ ಮೇಲಿನ ಉತ್ತರ

ತೋಟದ ಮನೆ: ಇದು ಅತಿಯಾಯ್ತು. ಒಳ್ಳೇದಕ್ಕೆ ಹೇಳಿದ್ದು ತಪ್ಪಾ? ಎಣ್ಣೆ ಕುಡಿದ ಪ್ಯಾಡನ್ನ ಒಲೆ ಮೇಲೆ ಕಾಯಿಸಿದ್ರೆ ಎಣ್ಣೆ ಸುಟ್ಟು ಹೋಗಿ ಹೊಸದ್ರ ಹಾಗೆ ಆಗ್ತದೆ, ಅದನ್ನೂ ತಪ್ಪು ಅನ್ನಿ ನೋಡೋಣ

ಮೇಸ್ತ್ರಿ: ತಪ್ಪು. ಬೆನ್ನಿನ ಲೋಹದ ತಟ್ಟೆಗೆ ಪ್ಯಾಡ್ ಅಂಟಿಸಿರೋ ಗೋಂದೂ ಸುಡ್ತದೆ. ಘಾಟಲ್ಲಿ ಪ್ಯಾಡ್ ಕಳಚಿ ಬೀಳ್ತದೆ. ಸಾರ್, ನೀವು ಹಿರಿಯರು, ಕೈ ಮುಗೀತೀನಿ, ಸಾಕು ಮಾಡಿ.

(ತೋಟದ ಮನೆ ಗ್ರೂಪ್ ಬಿಟ್ಟಿದ್ದಾರೆ)

ಅಡ್ಮಿನ್: ಏನ್ರಪ್ಪಾ ಇದು, ಪ್ರತಿ ಭಾನುವಾರ ಒಬ್ರು ಹೋಗ್ತಾರೆ

ವಿರಾಜಪೇಟೆ 74: ಮೇಸ್ತ್ರಿ, ಮಂಗಳವಾರ ಪಿಕಪ್‌ನಲ್ಲಿ ಹಾಕ್ಕೊಂಡು ಬರ್ಲಾ?

ಮೇಸ್ತ್ರಿ: ಬನ್ನಿ, ಹನ್ನೊಂದರ ಮೇಲೆ. ಕಿಟ್ಟಿಗೆ ಬೆಂಗಳೂರು ಜೆ.ಸಿ. ರೋಡಲ್ಲಿ ವಿಚಾರಿಸ್ತೀನಿ. ಹಳೇ ಪ್ಯಾಡ್ ಎಸೆದಿಲ್ಲ ಅಂದ್ರೆ ತನ್ನಿ, ಅದು ಯಾವ ಕಡೆ ಸವೆದಿದೆ ನೋಡ್ಬೇಕು. ಆ ಆಯಿಲ್ ಡಬ್ಬಾನೂ ತನ್ನಿ. ಹಗ್ಗ ಕಟ್ಟೋವಾಗ ಡಿಸ್ಕ್ ಮೇಲೆ ಕಟ್ಬೇಡಿ.

ಆರೆಕ್ಸ್ ನಾಪೋಕ್ಲು: ಅಣ್ಣ ಆರ್‌ಎಕ್ಸ್ 100ಗೆ ಡಿಸ್ಕ್ ಹಾಕ್ಬಹುದಾ ಇಲ್ವಾ, ಒಂದು ಮಾತು ಹೇಳಿ ಸಾಕು