ಪದಚರ್ಚೆ: ಸಡಿಲಿಸು, ಬಿಚ್ಚು, ಕಳಚು – ಮತ್ತೆ ಆ ‘ಸ್ಲಿಪ್’

ಎಲ್ಲರಿಗೂ ನಮಸ್ಕಾರ.

ಕಾರಿನ ಸಣ್ಣಪುಟ್ಟ ರಿಪೇರಿಯನ್ನು ಮನೆಯಲ್ಲೇ ಮಾಡಿಕೊಳ್ಳುವವರಿಗಾಗಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಮೊದಲನೆಯದು ಚಕ್ರ ಬದಲಿಸುವ ಪುಟದ್ದು. ಜಾಕ್ ಕೊಡುವ ಮೊದಲೇ, ಚಕ್ರ ನೆಲದ ಮೇಲಿರುವಾಗ, ನಟ್‌ಗಳ ಹಿಡಿತ ತಪ್ಪಿಸಬೇಕು. ಅರ್ಧ ಸುತ್ತು ಸಾಕು. ಕಾರು ಎತ್ತಿದ ಮೇಲೆ ಜೋರಾಗಿ ಪಾನಾ ಒತ್ತಿದರೆ ಚಕ್ರವೇ ತಿರುಗೀತು, ಕಾರು ಜಾಕ್‌ನಿಂದ ಜಾರಲೂಬಹುದು. ನಟ್‌ಗಳನ್ನು ಪೂರ್ತಿ ತೆಗೆಯುವುದು ಎತ್ತಿದ ಮೇಲೆ. ಈ ಎರಡೂ ಹಂತಕ್ಕೆ ‘ಬಿಚ್ಚಿ’ ಅಂತ ಬರೆದರೆ ಯಾರಾದರೂ ಎಲ್ಲ ನಟ್ ತೆಗೆದಿಟ್ಟೇ ಜಾಕ್ ಹಾಕಿಯಾರು. ಹಾಗಾಗಿ ಹೀಗೆ ಹಂಚಿಕೊಂಡಿದ್ದೇನೆ: ನಟ್ ಇದ್ದಲ್ಲೇ ಇದ್ದು ಹಿಡಿತ ಮಾತ್ರ ಹೋದರೆ ಸಡಿಲಿಸು. ತಿರುಗಿಸಿ ತಿರುಗಿಸಿ ಕೈಗೆ ಬಂದರೆ ಬಿಚ್ಚು. ಆಮೇಲೆ ಚಕ್ರವನ್ನು ಕಳಚು. ಗ್ಯಾರೇಜಿನ ‘ಲೂಸ್ ಮಾಡು’ ಎಲ್ಲರಿಗೂ ಗೊತ್ತು, ನಿಜ. ಆದರೆ ‘ನಟ್ ಲೂಸ್ ಆಗಿದೆ’ ಅಂದರೆ ಅದೊಂದು ದೂರು, ಅಲ್ವಾ?

ಎರಡನೆಯದು, ಜಪ್ಪಯ್ಯ ಅಂದರೂ ತಿರುಗದ ಬೋಲ್ಟ್. ಇದಕ್ಕೆ ‘ಬಿಗಿಯಾಗಿದೆ’ ಅನ್ನಲು ಮನಸ್ಸಿಲ್ಲ. ಬಿಗಿ ಇರುವುದು ಒಳ್ಳೆಯದೇ. ಇಲ್ಲಿ ನಡೆದಿರುವುದು ಬೇರೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಹಿಡಿಯುತ್ತದೆ. ಥ್ರೆಡ್ಡಿನ (ಬೋಲ್ಟಿನ ಮೈಮೇಲಿನ ಸುರುಳಿ ಗೆರೆಗಳ) ಸಂದು ತುಂಬಿಕೊಂಡು ನಟ್ಟನ್ನೂ ಬೋಲ್ಟನ್ನೂ ಒಂದೇ ಮಾಡಿಬಿಡುತ್ತದೆ. ಮಂಗಳೂರು, ಉಡುಪಿ ಕಡೆಯ ಉಪ್ಪುಗಾಳಿಯಲ್ಲಿ ಓಡಾಡುವ ಕಾರಿನ ಅಡಿ ಬಗ್ಗಿ ನೋಡಿದರೆ ಗೊತ್ತಾಗುತ್ತದೆ. ‘ಜಾಮ್ ಆಗಿದೆ’ ಅನ್ನುವುದು ರೂಢಿ. ನನಗೆ ‘ಕಚ್ಚಿಕೊಂಡಿದೆ’ ಇಷ್ಟ. (ಕೆಲವರು ಇದಕ್ಕೆ ‘ಕಿಲುಬು ಹಿಡಿದಿದೆ’ ಅನ್ನುತ್ತಾರೆ. ಕಿಲುಬು ತಾಮ್ರ, ಹಿತ್ತಾಳೆಗೆ. ಕಬ್ಬಿಣಕ್ಕೆ ತುಕ್ಕೇ ಸರಿ.)

ಕಚ್ಚಿಕೊಂಡದ್ದು ಕೊನೆಗೆ ಏನು ಮಾಡುತ್ತದೆ? ‘ಬಿಡುತ್ತದೆ’. ಮೆಕ್ಯಾನಿಕ್ಕುಗಳ ಮಾತು ಕೇಳಿ: “ಎಣ್ಣೆ ಬಿಟ್ಟು ಹಾಗೇ ಬಿಡಿ, ಆಮೇಲೆ ಬಿಡುತ್ತೆ.” ಮೂರು ಬಿಡು, ಮೂರು ಅರ್ಥ! ಕಿವಿಗೆ ಗೊಂದಲವೇ ಇಲ್ಲ. ಕಾಗದದ ಮೇಲೆ ಸ್ವಲ್ಪ ಬಿಡಿಸಿ ಬರೆಯಬೇಕಾಯಿತು. ತಂತಿ ಬ್ರಷ್‌ನಿಂದ ಥ್ರೆಡ್ ಉಜ್ಜಿ. ಡಬ್ಲ್ಯೂಡಿ-40 ತರಹದ ಸ್ಪ್ರೇ ಹೊಡೆದು ಅದು ಒಳಗೆ ಇಳಿಯಲು ಸಮಯ ಕೊಡಿ. ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಹಗುರವಾಗಿ ನಾಲ್ಕು ಏಟು ಕೊಡಿ, ತುಕ್ಕಿನ ಬೆಸುಗೆ ಒಡೆಯುತ್ತದೆ. ಮೊದಲು ಒಂದು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಹಿಂದಕ್ಕೆ ತಿರುಗಿಸಿ. ‘ಟಕ್’ ಅಂತ ಸದ್ದು ಬಂದರೆ ಬಿಟ್ಟಿತು ಅಂತ. ಕಿರುಗುಟ್ಟಿದರೆ ಮುಂದೆ ಹೋಗಬೇಡಿ, ಮತ್ತೆ ಎಣ್ಣೆ ಹಾಕಿ ಹಿಂದೆ ಮುಂದೆ ಆಡಿಸಿ.

ದಿಕ್ಕಿಗೆ ‘ಎಡ’, ‘ಬಲ’ ಬಳಸಿಲ್ಲ. ಕಾರಿನ ಕೆಳಗೆ ಅಂಗಾತ ಮಲಗಿದವನಿಗೆ ಯಾವುದು ಎಡ? ಬೋಲ್ಟಿನ ತಲೆಗೆ ಎದುರಾಗಿ ನೋಡಿ, ಪ್ರದಕ್ಷಿಣೆಯ ದಿಕ್ಕಿಗೆ ತಿರುಗಿಸಿದರೆ ಬಿಗಿ, ಅಪ್ರದಕ್ಷಿಣೆಗೆ ಸಡಿಲ. ದೇವಸ್ಥಾನಕ್ಕೆ ಹೋದವರಿಗೆಲ್ಲ ಇದು ತಿಳಿದಿರುತ್ತದೆ. ಇದಕ್ಕೆ ವಿರುದ್ಧವಾದದ್ದು ಸೈಕಲ್ಲಿನ ಎಡ ಪೆಡಲ್. ಅದಕ್ಕೆ ‘ಉಲ್ಟಾ ಥ್ರೆಡ್’ ಅಂತಲೇ ಬರೆದಿದ್ದೇನೆ. ಸಾಕಲ್ವಾ?

ನಿಜವಾಗಿ ಸಿಕ್ಕಿಕೊಂಡಿರುವುದು ‘ಸ್ಲಿಪ್ ಆಗಿದೆ’ ಅನ್ನುವ ಮಾತಿನಲ್ಲಿ. ಬೋಲ್ಟಿನ ತಲೆಯ ಆರು ಮೂಲೆ ಸವೆದು ಪಾನಾ ಜಾರಿದರೂ ಸ್ಲಿಪ್. ಥ್ರೆಡ್ ಹಾಳಾಗಿ ಬೋಲ್ಟ್ ಸುಮ್ನೆ ಸುತ್ತುತ್ತಿದ್ದರೂ ಸ್ಲಿಪ್. ಮೊದಲನೆಯದಕ್ಕೆ 12 ಮೂಲೆಯ ಸಾಕೆಟ್ (ಬೋಲ್ಟಿನ ತಲೆಯ ಮೇಲೆ ಕೂರುವ ಪಾನಾ) ಬಿಟ್ಟು 6 ಮೂಲೆಯದು ಹಾಕಿ ನೋಡಬಹುದು, ಅದು ಮೂಲೆಗಳನ್ನು ಚೆನ್ನಾಗಿ ಹಿಡಿಯುತ್ತದೆ. ಎರಡನೆಯದಕ್ಕೆ ಅದರಿಂದ ಏನೂ ಆಗದು. ಸದ್ಯಕ್ಕೆ ‘ತಲೆ ಸವೆದಿದೆ’, ‘ಥ್ರೆಡ್ ಹೋಗಿದೆ’ ಅಂತ ಬರೆದಿಟ್ಟಿದ್ದೇನೆ. ನಿಮ್ಮ ಊರಿನ ಗ್ಯಾರೇಜು, ಕುಲುಮೆ, ಸೈಕಲ್ ಶಾಪುಗಳಲ್ಲಿ ಈ ಎರಡಕ್ಕೆ ಬೇರೆ ಬೇರೆ ಮಾತು ಇದೆಯೇ? ಇದ್ದರೆ ಯಾವ ಊರು ಅನ್ನುವುದನ್ನೂ ಸೇರಿಸಿ ಬರೆಯಿರಿ.