ಮರುಕಳಿಸಿದ ರ‍್ಯಾಬ್ಡೊಮಯೊಸಾರ್ಕೋಮಾ: ಮೊದಲು ಗಂಟು ತೆಗೆಯೋದೋ, ಕೀಮೋನೋ?

ಮುಧೋಳ, ಮಕ್ಕಳ ವೈದ್ಯ: 14ರ ಹುಡುಗ, 40 ಕೆಜಿ, 150 ಸೆಂ.ಮೀ. ಮುಂದೋಳಿನ ಸ್ನಾಯುವಿನ ಕ್ಯಾನ್ಸರ್, ಆಲ್ವಿಯೋಲಾರ್ ಬಗೆಯ ರ‍್ಯಾಬ್ಡೊಮಯೊಸಾರ್ಕೋಮಾ. ವ್ಯಾಕ್ (ಮೂರು ಔಷಧಿಗಳ) ಕೀಮೋ, ರೇಡಿಯೇಷನ್ ಮುಗಿದು 11 ತಿಂಗಳು. ಅದೇ ಜಾಗದಲ್ಲಿ ಗಟ್ಟಿ ಗಂಟು. ಇಲ್ಲಿನ ಸರ್ಜನ್ "ಸಣ್ಣದಿದೆ, ತೆಗೆದುಬಿಡೋಣ" ಅಂತಾರೆ. ನಿಮ್ಮಲ್ಲಿಗೆ ಕಳಿಸೋದಕ್ಕೆ ಮೊದಲು ಏನು ಮಾಡಲಿ?

ಬೆಳಗಾವಿ, ಮಕ್ಕಳ ಕ್ಯಾನ್ಸರ್ ವಿಭಾಗ: ತೆಗೆಸಬ್ಯಾಡ್ರಿ. ಸುತ್ತಲಿನ ಒಳ್ಳೆಯ ಅಂಚು ಸೇರಿಸದೆ ತೆಗೆದ ಗಂಟು ಅಂಗಾಂಶದ ಪದರುಗಳಲ್ಲೆಲ್ಲ ಜೀವಕೋಶ ಚೆಲ್ಲುತ್ತದೆ, ಆಮೇಲೆ ಕೈ ಉಳಿಸೋ ಆಪರೇಷನ್ ಕಷ್ಟ. ಮೊದಲು ಎಂಆರ್‌ಐ, ಎದೆಯ ಸಿಟಿ ಅಥವಾ ಪೆಟ್-ಸಿಟಿ; ನಂತರ ದಪ್ಪ ಸೂಜಿಯ ಬಯಾಪ್ಸಿ, ಮುಂದೆ ಕೊಯ್ಯುವ ಗೆರೆಯ ಮೇಲೆಯೇ. ರೇಡಿಯೇಷನ್ ಬಿದ್ದ ಜಾಗದ ಕಲೆಯೂ ಗಂಟಿನಂತೆ ಕಾಣಬಹುದು, ಪುರಾವೆ ಬೇಕೇ ಬೇಕು. ಹಳೆಯ ಆಸ್ಪತ್ರೆಯಿಂದ ಬಯಾಪ್ಸಿಯ ಬ್ಲಾಕು, ಸ್ಲೈಡು, ರೇಡಿಯೇಷನ್ ಡೋಸಿನ ಚೀಟಿ ತರಿಸಿ. ಬರೀ ಡಿಸ್ಚಾರ್ಜ್ ಸಮ್ಮರಿ ಹಿಡಿದು ಬಂದರೆ ಒಂದು ವಾರ ಹೋಗುತ್ತದೆ. ವೀರ್ಯ ಶೇಖರಣೆಯ ಮಾತು ಕೀಮೋಗೆ ಮುಂಚೆಯೇ ಆಗಲಿ. ಉಳುಕು ಅಂತ ಎಣ್ಣೆ ಹಚ್ಚಿ ತಿಕ್ಕಿಸದಂತೆ ಮನೆಯವರಿಗೆ ಹೇಳಿ.

ಸಾಮಾನ್ಯವಾಗಿ ವಿಐಟಿ (ವಿನ್‌ಕ್ರಿಸ್ಟಿನ್, ಇರಿನೊಟೆಕಾನ್, ಟೆಮೊಜೊಲೊಮೈಡ್ ಸೇರಿದ ಕೀಮೋ) ಎರಡು ಸುತ್ತು, ಮತ್ತೆ ಸ್ಕ್ಯಾನ್, ಆಮೇಲೆ ಸಾರ್ಕೋಮಾ ಸರ್ಜನ್. ಬರೀ ಕೀಮೋದಿಂದ ಇದು ನಿಲ್ಲೋದು ಅಪರೂಪ. ಬೇರೆಡೆ ಹರಡಿಲ್ಲದಿದ್ದರೆ ಮಾತ್ರ ಗುಣದ ಮಾತಿಗೆ ಜಾಗ ಇದೆ; ತಂದೆತಾಯಿಗೆ ಮುಚ್ಚಿಡಬೇಡಿ.

ಡೇ-ಕೇರ್ ಕೀಮೋ ನರ್ಸ್: ಈ ಹುಡುಗನ ಮೈ ವಿಸ್ತೀರ್ಣ 1.29 ಚದರ ಮೀಟರ್. ಇರಿನೊಟೆಕಾನ್ ಚದರ ಮೀಟರಿಗೆ 50 ಮಿ.ಗ್ರಾಂನಂತೆ ಸುಮಾರು 65, ಐದು ದಿನ. ಟೆಮೊಜೊಲೊಮೈಡ್ 125ರಂತೆ 160, ಅಂದರೆ 100ರ ಕ್ಯಾಪ್ಸೂಲ್ ಒಂದು, 20ರವು ಮೂರು. ವಿನ್‌ಕ್ರಿಸ್ಟಿನ್ 1.5ರಂತೆ, 1 ಮತ್ತು 8ನೇ ದಿನ, 2 ಮಿ.ಗ್ರಾಂ ಮೀರಬಾರದು. 21 ದಿನಕ್ಕೊಂದು ಸುತ್ತು. ಟೆಮೊಜೊಲೊಮೈಡ್ ಖಾಲಿ ಹೊಟ್ಟೆಗೆ, ಇರಿನೊಟೆಕಾನ್‌ಗೆ ಒಂದು ತಾಸು ಮೊದಲು. ಕ್ಯಾಪ್ಸೂಲ್ ಬಿಚ್ಚಿ ಹಾಲಿಗೆ ಕಲಸಬಾರದು.

ತೊಂದರೆ ಬರೋದು ಭೇದಿಯಿಂದ. ಡ್ರಿಪ್ ನಡೆದಾಗಲೇ ಬೆವರು, ಜೊಲ್ಲಿನ ಜೊತೆ ಬಂದರೆ ಅಟ್ರೊಪಿನ್. ದಿನ ಕಳೆದು ಬಂದರೆ ಲೊಪೆರಮೈಡ್, ನೀರು-ಉಪ್ಪು. ಲಿವರ್ ನಿಷ್ಕ್ರಿಯ ಮಾಡಿ ಕಳಿಸಿದ ಇರಿನೊಟೆಕಾನನ್ನು ಕರುಳಿನ ಬ್ಯಾಕ್ಟೀರಿಯಾ ಮತ್ತೆ ಚುರುಕುಗೊಳಿಸುತ್ತವೆ. ಅದಕ್ಕೇ ಎರಡು ದಿನ ಮುಂಚಿನಿಂದ ಸೆಫಿಕ್ಸಿಮ್ ಆಂಟಿಬಯಾಟಿಕ್, ದಿನಕ್ಕೆ ಕೆಜಿಗೆ 8 ಮಿ.ಗ್ರಾಂ. ಜ್ವರ 38 ಡಿಗ್ರಿ ದಾಟಿದರೆ ಮನೆಯಲ್ಲಿ ಪ್ಯಾರಾಸಿಟಮಾಲ್ ಕೊಟ್ಟು ಕಾಯೋದಲ್ಲ, ತಾಸಿನೊಳಗೆ ಆಂಟಿಬಯಾಟಿಕ್ ರಕ್ತಕ್ಕೆ ಹೋಗಬೇಕು.

ಮುಧೋಳ: ಗಜಕರ್ಣಕ್ಕೆ ಅಂತ ಯಾರೋ ಇಟ್ರಾಕೊನಜೋಲ್ (ಶಿಲೀಂಧ್ರದ ಮಾತ್ರೆ) ಬರೆದಿದ್ದಾರೆ, 10 ದಿನದಿಂದ ನುಂಗುತ್ತಿದ್ದಾನೆ. ಮುಂದುವರಿಸಲೇ?

ಬೆಳಗಾವಿ: ಇವತ್ತೇ ನಿಲ್ಲಿಸ್ರಿ, ಮುಲಾಮಷ್ಟೇ ಸಾಕು. ವಿನ್‌ಕ್ರಿಸ್ಟಿನ್, ಇರಿನೊಟೆಕಾನ್ ಎರಡನ್ನೂ ಒಡೆಯೋ ಲಿವರ್ ಕಿಣ್ವವನ್ನ ಅದು ತಡೀತದ: ಕರುಳು ಸ್ತಬ್ಧ, ಪಾದ ಜೋತು ಬೀಳೋದು, ಫಿಟ್ಸ್. ಮಾತ್ರೆ ಬಿಟ್ಟು ಎರಡು ವಾರ ಆಗದೆ ಇರಿನೊಟೆಕಾನ್ ಕೊಡೋ ಹಾಗಿಲ್ಲ. ಬಯಾಪ್ಸಿ, ಸ್ಕ್ಯಾನಿಗೆ ಅಷ್ಟು ದಿನ ಹೇಗೂ ಬೇಕು. ನಿಲ್ಲಿಸಿದ ತಾರೀಖು ಚೀಟಿ ಮೇಲೆ ಬರೆದೇ ಕಳಿಸ್ರಿ.